ಮಕ್ಕಳನ್ನು ಕರ್ಕೊಂಡು ಒಂದು ದಿನ ದಕ್ಕೆಗೆ

ಭಾಗ 1

ಮೊದಲನೇ ಫೋಟೊದಲ್ಲಿ ಕಾಣೋದು ಖಾಲಿ ದಕ್ಕೆ. ಸಾಲಾಗಿ ಕಟ್ಟಿಹಾಕಿದ ಬೋಟುಗಳು, ಮೇಲೆ ನೀಲಿ ಟಾರ್ಪಾಲು, ಜಡಿಮಳೆ, ಒಂದೇ ಕೊಡೆ ಕೆಳಗೆ ಮೂರು ಜನ. ಆ ಮೂವರು ನನ್ನ ಮಗಳು, ಮಗ, ಮತ್ತೆ ನನ್ನ ಅಪ್ಪ. ಎರಡು ವರ್ಷದ ಹಿಂದೆ, ಜೂನ್ ಮೊದಲ ವಾರ. ಬೆಂಗಳೂರಲ್ಲಿ ಮಕ್ಕಳ ಶಾಲೆ ಇನ್ನೂ ಶುರುವಾಗಿರ್ಲಿಲ್ಲ. "ಊರಿಗೆ ಹೋಗೋಣ, ಅಜ್ಜನ ಜೊತೆ ಬಂದರು ನೋಡೋಣ, ದೊಡ್ಡ ದೊಡ್ಡ ಬೋಟು, ಮೀನು, ಹಡಗು" ಅಂತ ರಾತ್ರಿ ಬಸ್ಸಲ್ಲಿ ಇಬ್ಬರಿಗೂ ಕಥೆ ಹೇಳ್ಕೊಂಡು ಬಂದಿದ್ದೆ.

ಬೆಳಿಗ್ಗೆ ಹೋಗಿ ನೋಡಿದ್ರೆ ಒಂದು ನರಪಿಳ್ಳೆ ಇಲ್ಲ.

ಮಗಳು ಅಂದಳು, "ಅಮ್ಮಾ, ಇಲ್ಲಿ ಏನೂ ಇಲ್ವಲ್ಲ."

ಅಪ್ಪ ನನ್ನ ಮುಖ ನೋಡಿ, "ಮಳೆಗಾಲದಲ್ಲಿ ದಕ್ಕೆಗೆ ಯಾರು ಬರ್ತಾರೆ ಮಾರಾಯ್ತಿ" ಅಂದರು. ನಿಮಗೆ ಗೊತ್ತಿದ್ರೆ ಮೊದಲೇ ಹೇಳ್ಬಾರ್ದಿತ್ತಾ ಅಂತ ಕೇಳಿದೆ. "ನೀನು ಟಿಕೆಟ್ ಮಾಡಿ ಆಗಿತ್ತಲ್ಲ" ಅಂದರು.

ಈ ಸರಣಿ ಓದೋರಲ್ಲಿ ತುಂಬಾ ಜನ ಮೆಸೇಜಲ್ಲಿ ಕೇಳ್ತಾ ಇರ್ತೀರಿ: ಮಂಗಳೂರಿಗೆ ಬರ್ತೀವಿ, ಮಕ್ಕಳಿದಾರೆ, ಬೀಚು ಬಿಟ್ಟು ಬೇರೆ ಏನು ತೋರಿಸೋದು ಅಂತ. ನನ್ನ ಉತ್ತರ ಹಳೆ ಬಂದರು. ದಕ್ಕೆ ಅಂದ್ರೆ ಬೋಟು ಬಂದು ತಾಗಿ ನಿಲ್ಲೋ ಕಟ್ಟೆ. ಘಟ್ಟದ ಮೇಲಿನೋರಿಗೆ ಈ ಪದ ಹೊಸದಿರಬಹುದು ಅಂತ ಹೇಳ್ದೆ. ಆದ್ರೆ ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಆ ತಪ್ಪಿನಿಂದಲೇ ನನಗೆ ಈ ಬಂದರಿನ ಇತಿಹಾಸ ಅರ್ಥ ಆಗಿದ್ದು ಅನ್ನೋದು ಬೇರೆ ವಿಷಯ.

ಭಾಗ 2

ಹೋಟೆಲ್ಲು, ಗಾಡಿ, ಊಟ ಇವೆಲ್ಲ ಆಮೇಲೆ. ಮೊದಲು ಕ್ಯಾಲೆಂಡರ್ ತೆಗೀರಿ.

ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮೀನು ಮರಿ ಮಾಡೋ ಕಾಲ. ಬೋಟು ಎಲ್ಲಾ ದಕ್ಕೆಯಲ್ಲೇ. ಲಕ್ಷದ್ವೀಪಕ್ಕೆ ಸಾಮಾನು ಒಯ್ಯೋ ಮಂಜಿಗಳದ್ದು ಇನ್ನೂ ದೊಡ್ಡ ರಜೆ. ಮೇ 15ರಿಂದ ಸೆಪ್ಟೆಂಬರ್ 15ರ ತನಕ ಅವು ಸಮುದ್ರಕ್ಕೆ ಇಳಿಯೋ ಹಾಗಿಲ್ಲ. (ಮಂಜಿ ಅಂದ್ರೆ ಮರದ ಸರಕು ಹಡಗು. ಮಾಂಜಿ ಅಂದ್ರೆ ತಿನ್ನೋ ಮೀನು. ನನ್ನ ಮಗ ಇಡೀ ದಿನ ಇವೆರಡನ್ನೂ ಅದಲು ಬದಲು ಮಾಡ್ತಾ ಇದ್ದ. ಹೋಟೆಲಲ್ಲಿ "ಒಂದು ಮಂಜಿ ಫ್ರೈ" ಅಂತ ಹೇಳಿ ಸಪ್ಲೈಯರ್ ನಕ್ಕಿದ್ದೇ ನಕ್ಕಿದ್ದು.)

ಈ ನಿಯಮಗಳು ಇತ್ತೀಚಿನವು. ಆದ್ರೆ ಈ ರಜೆ ಹಳೇದು. ಎಷ್ಟು ಹಳೇದು ಅಂದ್ರೆ, ಈ ಬಂದರಿನ ಬಗ್ಗೆ ನಮಗೆ ಸಿಗೋ ಹಳೇ ಹಳೇ ಬರಹಗಳೆಲ್ಲ ಈ ರಜೆಯ ಲೆಕ್ಕದ ಮೇಲೇ ನಿಂತಿವೆ. ನೈಋತ್ಯ ಗಾಳಿ ಜೋರಾದಾಗ ಇಲ್ಲಿ ಯಾವ ಹಡಗೂ ನಿಲ್ಲೋಕಾಗಲ್ಲ. ಮಳೆ ತಗ್ಗೋ ಹೊತ್ತಿಗೆ ಅರಬ್ ಕಡೆಯಿಂದ ಹಡಗು ಬರ್ತಿದ್ವು. ಗಾಳಿ ತಿರುಗಿ ಈಶಾನ್ಯದಿಂದ ಬೀಸೋಕೆ ಶುರುವಾದ್ಮೇಲೆ ಮೆಣಸು, ಶುಂಠಿ, ಅಡಿಕೆ, ಅಕ್ಕಿ ತುಂಬ್ಕೊಂಡು ವಾಪಸ್ ಹೋಗ್ತಿದ್ವು. ಒಂದು ಸೀಸನ್ ತಪ್ಪಿದ್ರೆ ಮುಂದಿನ ವರ್ಷವೇ. ಇಲ್ಲಿಂದ ಏಡನ್‌ಗೆ ಒಂದು ಕಾಗದ ಬರೆದವನು ಉತ್ತರಕ್ಕೆ ಒಂದು ಮಳೆಗಾಲ ಪೂರ್ತಿ ಕಾಯ್ಬೇಕಿತ್ತು.

ನಾನು ಜೂನ್‌ನಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿ ನಿಂತದ್ದು ಸಾವಿರ ವರ್ಷದಿಂದ ಬಾಗಿಲು ಹಾಕೋ ತಿಂಗಳಲ್ಲಿ. ನನಗೆ ಮೆಸೇಜ್ ಮಾಡೋರಿಗೆ ಈಗ ಒಂದೇ ಮಾತು ಹೇಳ್ತೀನಿ: ನವೆಂಬರ್‌ನಿಂದ ಫೆಬ್ರವರಿ ಒಳಗೆ ಬನ್ನಿ. ಆಗಸ್ಟ್ ಶುರುವಿನಲ್ಲಿ ನಿಷೇಧ ಮುಗಿದ ತಕ್ಷಣ ಬೋಟು ಹೊರಡೋದು ನೋಡೋಕೆ ಚೆಂದ, ಆದ್ರೆ ಮಳೆ, ಕೆಸರು, ಗಡಿಬಿಡಿ. ಚಿಕ್ಕ ಮಕ್ಕಳಿಗೆ ಬೇಡ.

ನಾವು ಮತ್ತೆ ಹೋಗಿದ್ದು ಜನವರಿಯಲ್ಲಿ. ಮುಂದಿನ ಫೋಟೊಗಳೆಲ್ಲ ಆ ದಿನದವು.

ಭಾಗ 3

ಹೋಗೋ ಹಿಂದಿನ ರಾತ್ರಿ ಮಕ್ಕಳ ಮುಂದೆ ಫೋನಲ್ಲಿ ಮ್ಯಾಪ್ ತೆರೆದು ಕೂತ್ಕೊಳ್ಳಿ. ಇದನ್ನ ಮಾತ್ರ ತಪ್ಪಿಸ್ಬೇಡಿ.

ಉತ್ತರದಿಂದ ಗುರುಪುರ ನದಿ (ಫಲ್ಗುಣಿ ಅಂತಾನೂ ಹೇಳ್ತಾರೆ) ಸಮುದ್ರದ ಹತ್ತಿರ ಬಂದು ಸಮುದ್ರ ಸೇರೋದೇ ಇಲ್ಲ. ಕೂಳೂರಿನ ಹತ್ರ ತಿರುಗಿ, ಸಮುದ್ರಕ್ಕೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುತ್ತೆ. ನದಿಗೂ ಕಡಲಿಗೂ ಮಧ್ಯೆ ಒಂದು ಉದ್ದ ಮರಳಿನ ಪಟ್ಟಿ, ಅದೇ ಬೆಂಗ್ರೆ. ಪೂರ್ವದಿಂದ ನೇತ್ರಾವತಿ ಬರುತ್ತೆ. ಎರಡೂ ಸೇರಿ ಒಂದೇ ಬಾಯಲ್ಲಿ ಕಡಲಿಗೆ ಬೀಳ್ತವೆ. ಆ ಬಾಯಿಗೆ ಇಲ್ಲಿ ಅಳಿವೆ ಅಂತಾರೆ. ತುಳುವಿನ ಕುಡ್ಲ ಅನ್ನೋ ಹೆಸರಿಗೆ ಸಂಗಮ ಅನ್ನೋ ಅರ್ಥ ಹೇಳೋದು ಇದಕ್ಕೇ. ಇದೇ ಊರು ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಒಂದೇ ದಕ್ಕೆಯಲ್ಲಿ ನಿಂತು ಈ ನಾಲ್ಕೂ ಹೆಸರು ಕೇಳಬಹುದು. ಮಕ್ಕಳಿಗೆ ಲೆಕ್ಕ ಹಾಕೋಕೆ ಹೇಳಿ, ಅದೊಂದು ಆಟ.

ಬೆಂಗ್ರೆಯ ಮರಳು ಅಡ್ಡ ಇರೋದ್ರಿಂದ ಹಳೆ ಬಂದರು ಒಳಗೆ ಶಾಂತವಾಗಿದೆ. ಆದ್ರೆ ಅದೇ ಮರಳು ಅಳಿವೆಯಲ್ಲಿ ತುಂಬ್ಕೊಳ್ಳುತ್ತೆ. ಹೂಳು ತೆಗೆದಷ್ಟೂ ಬರುತ್ತೆ. ಚಿಕ್ಕ ದೋಣಿ ದಾಟುತ್ತೆ, ದೊಡ್ಡ ಹಡಗು ತಳ ತಾಗುತ್ತೆ. ಹಾಗಾಗಿ ದೊಡ್ಡ ಹಡಗುಗಳು ಹೊರಗೆ ಕಡಲಲ್ಲೇ ಲಂಗರು ಹಾಕಿ ನಿಲ್ಬೇಕು. ಸಾಮಾನು, ಜನ ಎಲ್ಲಾ ದೋಣಿಯಲ್ಲಿ ಅಲ್ಲಿಗೆ ಹೋಗ್ಬೇಕು. ಬೊಂಬಾಯಿಗೆ ಸ್ಟೀಮರ್ ಹತ್ತಿ ಹೋದ ನಮ್ಮ ಹಿರಿಯರ ಕಥೆಗಳಲ್ಲಿ ಹಡಗಿಗಿಂತ ಜಾಸ್ತಿ ಬರೋದು ಆ ದೋಣಿ ಪ್ರಯಾಣದ ವಾಂತಿ.

ಈ ಬಂದರನ್ನ ಕಾಪಾಡಿದ್ದೂ ಈ ಮರಳೇ, ಬೆಳೆಯೋಕೆ ಬಿಡದೇ ಇದ್ದದ್ದೂ ಈ ಮರಳೇ. ಇಲ್ಲಿ ದೊಡ್ಡ ಹಡಗು ಬರೋ ಹಾಗಿದ್ದಿದ್ರೆ ಇವತ್ತು ಸುತ್ತ ಕಾಂಪೌಂಡು, ಕ್ರೇನು, ಗುರುತಿನ ಚೀಟಿ ಇಲ್ಲದೆ ಒಳಗೆ ಬಿಡದ ಗೇಟುಗಳೇ ಇರ್ತಿದ್ವು. ಮಕ್ಕಳ ಕೈ ಹಿಡ್ಕೊಂಡು ನಡೆಯುವಷ್ಟು ಚಿಕ್ಕದಾಗಿ ಇದು ಉಳಿದಿದೆ ಅಂದ್ರೆ ಅದಕ್ಕೆ ಅಳಿವೆಯೇ ಕಾರಣ ಅಂತ ನನ್ನ ಅಭಿಪ್ರಾಯ.

ಭಾಗ 4

ಬೆಳಿಗ್ಗೆ ಆರೂವರೆಗೆ ಮೀನಿನ ದಕ್ಕೆ. ಲೇಟಾದ್ರೆ ಏಲಂ ಮುಗಿದಿರುತ್ತೆ.

ತಡೆಗೋಡೆ ಇಲ್ಲ, ನೆಲ ಪೂರ್ತಿ ಮೀನಿನ ನೀರು, ಎಣ್ಣೆ, ಐಸು. ಹಿಡಿತ ಇರೋ ಶೂ ಹಾಕಿಸಿ. ಚಿಕ್ಕವರ ಕೈ ಬಿಡಲೇಬೇಡಿ. ಬುಟ್ಟಿ ಹೊತ್ತವರಿಗೆ ದಾರಿ ಬಿಡಿ, ಅವರಿಗೆ ನಿಮ್ಮ ಮಕ್ಕಳು ಕಾಣ್ಸಲ್ಲ. ಯಾರದ್ದಾದ್ರೂ ಹತ್ತಿರದ ಫೋಟೊ ಬೇಕಾದ್ರೆ ಕೇಳಿ. ಕೆಲಸದ ಜಾಗ ಅದು. ನಾನು ಮೀನು ಮಾರೋ ಒಬ್ಬ ಅಕ್ಕನ ಹತ್ರ ಕೇಳಿದೆ. "ನನ್ನದು ಬೇಡ, ಅಂಜಲ್‌ದು ತೆಗಿ" ಅಂದ್ರು. ನಾಲ್ಕನೇ ಫೋಟೊ ಆ ಅಂಜಲ್.

ಇಲ್ಲಿ ಕಾಣೋ ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲಾ ನಮ್ಮ ಅಪ್ಪನ ಕಾಲದಲ್ಲಿ ಬಂದಿದ್ದು. ಅದಕ್ಕೆ ಮುಂಚೆ ಈ ಕರಾವಳಿಯ ದೊಡ್ಡ ಮೀನುಗಾರಿಕೆ ಅಂದ್ರೆ ರಂಪಣಿ. ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ದಡದಲ್ಲಿ ಎರಡೂ ಕಡೆ ಹತ್ತಾರು ಜನ ನಿಂತು ಎಳೆಯೋದು. ಬಂಗುಡೆ, ಬೂತಾಯಿ ದಡಕ್ಕೆ ಬರೋದನ್ನ ಊರೇ ಕಾಯ್ತಿತ್ತು. ಪಾಲು ಊರಿಗೆ ಹಂಚ್ತಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಂತು. ಮೀನು ದಡಕ್ಕೆ ಬರೋ ಮುಂಚೆ ಕಡಲಲ್ಲೇ ಸುತ್ತುವರಿದು ಹಿಡಿಯೋ ಬಲೆ ಅದು. ರಂಪಣಿ ಕೆಲವೇ ವರ್ಷದಲ್ಲಿ ಕುಸಿಯಿತು. ಏಲಂ ಕೂಗು ಕೇಳ್ತಾ ಅಪ್ಪ ಇದನ್ನ ಮಕ್ಕಳಿಗೆ ಹೇಳ್ತಾ ಇದ್ರು. ಮಗ ಕೇಳಿದ, "ಹಾಗಾದ್ರೆ ಬಲೆ ಎಳೀತಾ ಇದ್ದೋರು ಎಲ್ಲಿ ಹೋದ್ರು?" ಅಪ್ಪ ಬೋಟುಗಳ ಕಡೆ ಕೈ ತೋರ್ಸಿದ್ರು. "ಇದರಲ್ಲೇ ಕೂಲಿಗೆ."

ಎಂಟು ಗಂಟೆಗೆ ಹೊರಗೆ ಬಂದು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಕಡೆ ತಿಂಡಿ. ಬನ್ಸು, ಸಾಂಬಾರು, ಚಾ. ಮೀನಿನ ವಾಸನೆ ಬಟ್ಟೆಗೆ ಹತ್ತಿರುತ್ತೆ, ಒಂದು ಜೊತೆ ಎಕ್ಸ್‌ಟ್ರಾ ಇಟ್ಕೊಳ್ಳಿ.

ಭಾಗ 5

ಈ ಭಾಗ ಉದ್ದ ಆಗುತ್ತೆ. ನನಗೆ ಇಡೀ ಬಂದರಿನಲ್ಲಿ ಜಾಸ್ತಿ ಇಷ್ಟದ ಕಥೆ ಇದು. ಮಕ್ಕಳಿಗೆ ಇದನ್ನ ಬಂದರು ಪೇಟೆಯ ಗುದಾಮುಗಳ ನೆರಳಲ್ಲಿ ನಿಂತು ಹೇಳಿ. ಒಣಮೆಣಸು, ಬೆಲ್ಲ, ಗೋಣಿ ಚೀಲದ ವಾಸನೆ ಬರ್ತಾ ಇರ್ಬೇಕು.

1132. ಹಾಸನದ ಕಡೆ ಬೇಲೂರಿನ ಚೆನ್ನಕೇಶವ ಗುಡಿ ಕಟ್ಟಿ ಹದಿನೈದು ವರ್ಷ ಆಗಿದೆ. ಅದೇ ಹೊತ್ತಲ್ಲಿ ಮಂಗಳೂರಲ್ಲಿ ಒಬ್ಬ ಯಹೂದಿ ವ್ಯಾಪಾರಿ ಬಂದು ನೆಲೆಸಿದಾನೆ. ಹೆಸರು ಅಬ್ರಹಾಂ ಬೆನ್ ಯಿಜು, ಹುಟ್ಟೂರು ಇವತ್ತಿನ ಟುನೀಶಿಯಾದ ಮಹ್ದಿಯ್ಯಾ. ಅವನು ಇಲ್ಲಿ ಹೆಚ್ಚುಕಡಿಮೆ ಹದಿನೇಳು ವರ್ಷ ಇದ್ದ. ಮೆಣಸು, ಅಡಿಕೆ, ಕಬ್ಬಿಣ ಕಳಿಸ್ತಿದ್ದ. ಒಂದು ಕಂಚು-ಹಿತ್ತಾಳೆ ಕಾರ್ಖಾನೆ ನಡೆಸ್ತಿದ್ದ. ಏಡನ್‌ನಿಂದ ಒಡೆದ ಹಳೇ ಪಾತ್ರೆ, ತಾಮ್ರ ಹಡಗಲ್ಲಿ ಬರೋದು. ಇಲ್ಲಿ ಕರಗಿಸಿ ಹೊಸ ಪಾತ್ರೆ, ದೀಪ ಮಾಡಿ ವಾಪಸ್ ಕಳಿಸೋದು. ನನ್ನ ಮಗಳು ತಕ್ಷಣ ಅಂದಳು, "ಹಳೇ ಪಾತ್ರೆ ಕೊಟ್ಟು ಹೊಸದು ತಗೊಳ್ತಾರಲ್ಲ ಅಜ್ಜಿ, ಹಾಗಾ?" ಹೌದು, ಹಾಗೇ. ಮಧ್ಯದಲ್ಲಿ ಅರಬ್ಬಿ ಸಮುದ್ರ ಇತ್ತು ಅಷ್ಟೆ.

ಇದೆಲ್ಲ ನಮಗೆ ಹೇಗೆ ಗೊತ್ತು? ಹಳೇ ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ ದೇವರ ಹೆಸರು ಇರಬಹುದಾದ ಯಾವ ಕಾಗದವನ್ನೂ ಬಿಸಾಡಬಾರದು ಅಂತ ಒಂದು ಕೋಣೆಗೆ ತುಂಬ್ತಾ ಇದ್ರು. ಗೆನೀಜಾ ಅಂತ ಅದಕ್ಕೆ ಹೆಸರು. ಶತಮಾನಗಳ ಕಾಲ ತುಂಬಿದ ಕಾಗದ. 1890ರ ದಶಕದಲ್ಲಿ ಅದರ ಬಹುಪಾಲು ಕೇಂಬ್ರಿಜ್‌ಗೆ ಹೋಯ್ತು. ಅದರಲ್ಲಿ ಮಂಗಳೂರಿಗೆ ಬಂದ ಕಾಗದಗಳು, ಮಂಗಳೂರಲ್ಲಿ ಬರೆದ ಲೆಕ್ಕಗಳು ಸಿಕ್ವು. ಈ ಊರಲ್ಲಿ ಕಾಗದ ಸಿಗ್ತಿರ್ಲಿಲ್ಲ. ಏಡನ್‌ನ ಗೆಳೆಯರು ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸ್ತಿದ್ರು. ಬಂದ ಪತ್ರದ ಹಿಂದಿನ ಖಾಲಿ ಜಾಗದಲ್ಲೇ ಅವನು ತನ್ನ ಲೆಕ್ಕ ಗೀಚ್ಕೊಳ್ತಿದ್ದ. ರಫ್ ನೋಟ್‌ಬುಕ್ ಮುಗಿದಾಗ ನಮ್ಮ ಮಕ್ಕಳು ಮಾಡೋ ಹಾಗೆ.

ಆ ಪತ್ರಗಳಲ್ಲಿ ಅವನ ಪರವಾಗಿ ಹಡಗಲ್ಲಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿ ಬರೋ ಒಬ್ಬ ಆಳು ಬರ್ತಾನೆ. ಅವನ ಹೆಸರನ್ನ ಬೊಮ್ಮ ಅಂತ ಓದಿ, ತುಳುನಾಡಿನ ಬೆರ್ಮೆರ್‌ಗೆ ಸಂಬಂಧ ಕಲ್ಪಿಸಿ, ಅವನ ಹುಡುಕಾಟದಲ್ಲೇ ಅಮಿತಾವ್ ಘೋಷ್ 1992ರಲ್ಲಿ ಒಂದು ಪುಸ್ತಕ ಬರೆದ್ರು, 'ಇನ್ ಆ್ಯನ್ ಆಂಟೀಕ್ ಲ್ಯಾಂಡ್'. ಮಂಗಳೂರಿಗೂ ಬಂದು ಪ್ರೊ. ವಿವೇಕ ರೈ ಅವರ ಹತ್ರ ಈ ಹೆಸರಿನ ಬಗ್ಗೆ ಕೇಳಿದ್ರು. ಬೊಮ್ಮನ ಗುಡಿಸಲು ಎಲ್ಲಿತ್ತು, ಹೇಗಿದ್ದ, ಏನೂ ಉಳಿದಿಲ್ಲ. ಆದ್ರೆ ಏಡನ್‌ನ ವ್ಯಾಪಾರಿಗಳು ಪತ್ರದಲ್ಲಿ ಅವನನ್ನೂ ನೆನೆಸ್ಕೊಂಡು ಕೇಳೋರು.

1132ರ ಅಕ್ಟೋಬರ್ 17ರ ಒಂದು ಪತ್ರ ಇದೆ. ಬೆನ್ ಯಿಜು ಆಶು ಅನ್ನೋ ಹೆಣ್ಣನ್ನ ದಾಸ್ಯದಿಂದ ಬಿಡುಗಡೆ ಮಾಡಿದ್ದು, ಮಂಗಳೂರಲ್ಲಿ. ಅವನ ಮಕ್ಕಳ ತಾಯಿ ಅವಳೇ ಇರ್ಬೇಕು ಅಂತ ವಿದ್ವಾಂಸರ ಅಂದಾಜು.

ಮಗಳಿಗೆ ಆಗ ಹನ್ನೊಂದು. "ಅಂದ್ರೆ ಅದಕ್ಕೆ ಮುಂಚೆ ಅವಳನ್ನ ದುಡ್ಡು ಕೊಟ್ಟು ಕೊಂಡ್ಕೊಂಡಿದ್ರಾ?"

ಈ ಪ್ರಶ್ನೆ ಬಂದೇ ಬರುತ್ತೆ. ಹೌದು ಅಂತ ಹೇಳಿದೆ. ಮೆಣಸು, ಪಾತ್ರೆ, ಒಣದ್ರಾಕ್ಷಿಯ ಜೊತೆ ಮನುಷ್ಯರೂ ಈ ದಕ್ಕೆಗಳಲ್ಲಿ ಹತ್ತಿ ಇಳೀತಿದ್ರು, ಅವರಲ್ಲಿ ಎಲ್ಲರೂ ತಮ್ಮಿಷ್ಟದಿಂದ ಬಂದವರಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಬೇಕು ಅಂತ ಅನ್ಸಿತ್ತಾ, ಅವನ ಜೊತೆ ಇರೋದು?" ಅಂದಳು. ಆಶು ಬರೆದ ಒಂದು ಸಾಲೂ ಗೆನೀಜಾದಲ್ಲಿಲ್ಲ. ಬರೆದವನು ಅವನೊಬ್ಬನೇ.

1149ರಲ್ಲಿ ಬೆನ್ ಯಿಜು ಮಗ ಸುರೂರ್ ಮತ್ತು ಮಗಳನ್ನ ಕರ್ಕೊಂಡು ಏಡನ್‌ಗೆ ವಾಪಸ್ ಹೋದ. ತಲುಪಿದ್ಮೇಲೆ ಅಣ್ಣತಮ್ಮಂದಿರಿಗೆ ಬರೆದ ಕಾಗದ ಉಳಿದಿದೆ: ತಾನು, ಮಕ್ಕಳು, ಸಂಪಾದನೆ ಎಲ್ಲಾ ಕ್ಷೇಮವಾಗಿ ಬಂದ್ವಿ ಅಂತ. ಆಶುವಿನ ಮಾತು ಇಲ್ಲ. ಈ ದಕ್ಕೆಯಿಂದ, ಅಥವಾ ಇಲ್ಲೇ ಅಕ್ಕಪಕ್ಕದ ಯಾವುದೋ ದಡದಿಂದ, ನಮ್ಮ ಮಕ್ಕಳ ವಯಸ್ಸಿನ ಆಸುಪಾಸಿನ ಇಬ್ಬರು ಮಕ್ಕಳು ದೋಣಿ ಹತ್ತಿ ಅಳಿವೆ ದಾಟಿ ಹೋಗಿದ್ರು. ಅಷ್ಟು ಮಾತ್ರ ಹೇಳ್ದೆ.

ಭಾಗ 6

ಬಂದರು ಪೇಟೆಯಲ್ಲೇ ಝೀನತ್ ಬಕ್ಷ್ ಮಸೀದಿ. ಕ್ರಿ.ಶ. 644ರಲ್ಲಿ ಮಾಲಿಕ್ ದೀನಾರ್ ಬಳಗದವರು ಕಟ್ಟಿದ್ದು ಅನ್ನೋದು ಪರಂಪರೆಯ ಮಾತು; ಟಿಪ್ಪು ಕಾಲದಲ್ಲಿ ಜೀರ್ಣೋದ್ಧಾರ ಆಗಿ ಈ ಹೆಸರು ಬಂತು ಅಂತಾನೂ ಹೇಳ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆ ನೋಡೋಕೆ ಸಿಕ್ಕಿದ್ರೆ ಅದೃಷ್ಟ. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಕೇಳಿ. ನಾವು ಹೊರಗಿಂದಲೇ ನೋಡಿ ಬಂದ್ವಿ.

1342ರ ಸುಮಾರಿಗೆ ಇಬ್ನ್ ಬತೂತ ಇಲ್ಲಿಗೆ ಬಂದಾಗ ಮಂಜರೂರ್ ಅಂತ ಬರೀತಾನೆ. ಪರ್ಷಿಯಾ, ಯೆಮನ್ ವ್ಯಾಪಾರಿಗಳು ಇಳಿಯೋ ಜಾಗ, ಮೆಣಸು ಶುಂಠಿ ಬೇಕಾದಷ್ಟು, ಊರ ಹೊರವಲಯದಲ್ಲಿ ಸುಮಾರು 4000 ಮುಸಲ್ಮಾನರು ಅಂತ. ಅವರಿಗೂ ಊರವರಿಗೂ ಆಗಾಗ ಜಗಳ ಆಗ್ತಿತ್ತಂತೆ. ರಾಜನಿಗೆ ವ್ಯಾಪಾರಿಗಳು ಬೇಕು, ಹಾಗಾಗಿ ಪ್ರತಿ ಸಲವೂ ಅವನೇ ರಾಜಿ ಮಾಡಿಸ್ತಿದ್ದನಂತೆ. ಆರೂವರೆ ಶತಮಾನಕ್ಕೂ ಜಾಸ್ತಿ ಆಯ್ತು. ಇವತ್ತಿನ ಪೇಪರ್ ಓದೋರು ಇದನ್ನ ಹೇಗೆ ಓದ್ತೀರೋ ನಿಮಗೆ ಬಿಟ್ಟಿದ್ದು.

ಪೋರ್ಚುಗೀಸರು 1568ರಲ್ಲಿ ಕೋಟೆ ಕಟ್ಟಿದ್ರು. ಅವರಿಗೆ ಮೆಣಸಿನಷ್ಟೇ ಬೇಕಾಗಿದ್ದು ಇಲ್ಲಿನ ಅಕ್ಕಿ. ಆಮೇಲಿನ ಕೋಟೆಯನ್ನ ಟಿಪ್ಪು 1783ರಲ್ಲಿ ಮುತ್ತಿದ, ಒಳಗೆ ಕರ್ನಲ್ ಕ್ಯಾಂಪ್‌ಬೆಲ್‌ನ ಸೈನ್ಯ ತಿಂಗಳುಗಟ್ಟಲೆ ಹಸಿವಲ್ಲಿ ನಿಂತು 1784ರ ಜನವರಿಯಲ್ಲಿ ಶರಣಾಯ್ತು. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ. ಈಗ ಕೋಟೆ ಇಲ್ಲ. ಬಂದರಿನ ಒಂದು ಭಾಗಕ್ಕೆ ಕಂದಕ್ ಅಂತ ಹೆಸರು ಮಾತ್ರ ಇದೆ. ಮಕ್ಕಳಿಗೆ ಬೇಕಾಗಿದ್ದು ಫಿರಂಗಿ, ಅದನ್ನ ಸಾಯಂಕಾಲಕ್ಕೆ ಇಟ್ಕೊಂಡೆ.

ಭಾಗ 7

ಹತ್ತೂವರೆಗೆ ಬಂದರಿನಿಂದ ಬೆಂಗ್ರೆಗೆ ದೋಣಿ. ಇದು ಟೂರಿಸ್ಟ್ ಬೋಟ್ ಅಲ್ಲ, ಬೆಂಗ್ರೆಯವರು ಶಾಲೆಗೆ, ಮಾರ್ಕೆಟಿಗೆ ಓಡಾಡೋ ದೋಣಿ. ಅವರಿಗೆ ಸೀಟು ಬಿಡಿ. ಸರಕಿನ ದಕ್ಕೆಯ ಒಳಗೆ ಗೇಟಲ್ಲಿ ಬಿಡದಿದ್ರೆ ಬೇಜಾರು ಮಾಡ್ಕೋಬೇಡಿ, ನೀರಿನ ಮಧ್ಯದಿಂದ ಮಂಜಿಗಳು ಚೆನ್ನಾಗಿ ಕಾಣ್ತವೆ.

ನಾವು ಹೋದಾಗ ಒಂದು ಮಂಜಿಗೆ ಸಿಮೆಂಟು ಮೂಟೆ, ತರಕಾರಿ ಬುಟ್ಟಿ ತುಂಬ್ತಾ ಇದ್ರು. ಲಕ್ಷದ್ವೀಪ ನಮಗೆ ಫ್ಲೈಟಲ್ಲಿ ಹೋಗೋ ರಜೆಯ ಜಾಗ. ಆದ್ರೆ 1956ರ ನವೆಂಬರ್ 1ರ ತನಕ ಅದರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ವು ಅಂತ ಎಷ್ಟು ಜನಕ್ಕೆ ಗೊತ್ತು? 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತ ಸಹಿಸೋಕಾಗದೆ ಅಮಿನಿಯವರು ಮಂಗಳೂರಿಗೆ ಬಂದು ಟಿಪ್ಪು ಹತ್ರ ಕೇಳ್ಕೊಂಡ್ರು, ಆ ದ್ವೀಪಗಳು ಅವನ ಕೈಗೆ ಬಂದ್ವು. 1799ರ ನಂತರ ಕಂಪನಿಗೆ. ದ್ವೀಪದಲ್ಲಿ ಭತ್ತ ಬೆಳೆಯಲ್ಲ. ಹೆಂಗಸರು ತೆಂಗಿನ ನಾರು ಹೊಸೆದು ಹುರಿ ಮಾಡ್ತಿದ್ರು, ಗಂಡಸರು ಅದನ್ನ ಇಲ್ಲಿಗೆ ತರ್ತಿದ್ರು, ಸರ್ಕಾರ ಹುರಿ ತಗೊಂಡು ಅಕ್ಕಿ ಕೊಡ್ತಿತ್ತು. ಬೇರೆಯವರಿಗೆ ಮಾರೋ ಹಾಗಿಲ್ಲ, ದರ ಸರ್ಕಾರದ್ದು.

"ಕಡಿಮೆ ಕೊಟ್ರೆ?" ಅಂದ ಮಗ.

"ಕಡಿಮೆ ತಿನ್ಬೇಕು" ಅಂದರು ಅಪ್ಪ.

ದೋಣಿ ಹತ್ತಿದಾಗಿಂದ ಅಪ್ಪ ಆಡಿದ ಮೊದಲ ಮಾತು ಅದು. ಅವರು ನೋಡ್ತಾ ಇದ್ದದ್ದು ಮಂಜಿಗೆ ಮೂಟೆ ಹೊರೋರನ್ನ. ದಕ್ಕೆಗೂ ಹಡಗಿಗೂ ಮಧ್ಯೆ ಒಂದು ಹಲಗೆ, ಅದರ ಮೇಲೆ ಒಬ್ಬರ ಹಿಂದೆ ಒಬ್ಬರು.

ಭಾಗ 8

ಮಧ್ಯಾಹ್ನ ಮೀನೂಟ, ಮನೆಯಲ್ಲಿ ಎರಡು ಗಂಟೆ ನಿದ್ದೆ. ಇದನ್ನ ಪ್ಲಾನಿನಲ್ಲಿ ಬರೆದಿಡಿ. ಜನವರಿಯಲ್ಲೂ ಮಂಗಳೂರಿನ ಮಧ್ಯಾಹ್ನದ ಬಿಸಿಲು ಮಕ್ಕಳಿಗಲ್ಲ.

ನಾಲ್ಕು ಗಂಟೆಗೆ ಬೋಳೂರಿನ ಸುಲ್ತಾನ್ ಬತ್ತೇರಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು. ಯುದ್ಧದ ಹಡಗು ಗುರುಪುರ ನದಿ ಒಳಗೆ ಬರಬಾರದು ಅಂತ. ಸುತ್ತ ಫಿರಂಗಿ ಕಿಂಡಿ, ಕೆಳಗೆ ಮದ್ದು ಇಡೋ ಕೋಣೆ. ಕಾಲು ಗಂಟೆ ಸಾಕು. ಮಕ್ಕಳು ಕಿಂಡಿಯಿಂದ ಕಣ್ಣಿಟ್ಟು ಬೋಟುಗಳಿಗೆ "ಢಂ" ಅಂದ್ರು. ಅಲ್ಲಿಂದ ದೋಣಿಯಲ್ಲಿ ತಣ್ಣೀರುಬಾವಿಗೆ. ದೋಣಿ ಓಡ್ತಾ ಇದೆಯಾ, ಕೊನೇ ದೋಣಿ ಎಷ್ಟು ಹೊತ್ತಿಗೆ ಅಂತ ಹತ್ತುವಾಗಲೇ ಕೇಳಿಟ್ಕೊಳ್ಳಿ.

ತಣ್ಣೀರುಬಾವಿ ಬೀಚಲ್ಲಿ ನಿಂತ್ರೆ ದೂರ ಕಡಲಲ್ಲಿ ಹಡಗುಗಳು ನಿಂತಿರೋದು ಕಾಣುತ್ತೆ. ಪಣಂಬೂರಿನ ಹೊಸ ಬಂದರಿಗೆ ಸರದಿ ಕಾಯ್ತಾ ಇರೋವು.

"ನಮ್ಮ ಕಾಲದಲ್ಲಿ ಹೀಗೆಯೇ ನಿಲ್ತಿದ್ದದ್ದು" ಅಂದರು ಅಪ್ಪ. "ಆದ್ರೆ ಅಳಿವೆ ಆಚೆ. ಇಲ್ಲಿಂದ ದೋಣಿ ಹೋಗ್ಬೇಕು. ನಿಮ್ಮ ಮುತ್ತಜ್ಜ ಆ ದೋಣಿಗೆ ಹೆಂಚು ತುಂಬ್ತಿದ್ದರು."

ನನಗೆ ಗೊತ್ತಿದ್ದದ್ದು, ಅಜ್ಜ ದಕ್ಕೆಯಲ್ಲಿ ಕೆಲಸ ಮಾಡ್ತಿದ್ರು ಅಂತ ಅಷ್ಟೇ. ಎಂತ ಕೆಲಸ ಅಂತ ನಾನೂ ಕೇಳಿರ್ಲಿಲ್ಲ, ಅಪ್ಪನೂ ಹೇಳಿರ್ಲಿಲ್ಲ.

ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. 1865ರಲ್ಲಿ ಪ್ಲೆಬ್‌ಸ್ಟ್ ಅನ್ನೋ ಜರ್ಮನ್ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ನದಿ ದಡದ ಜೇಡಿ, ಘಟ್ಟದ ಸೌದೆ, ಪಕ್ಕದಲ್ಲೇ ದೋಣಿ. ನೋಡ್ತಾ ನೋಡ್ತಾ ಎರಡೂ ನದಿಗಳ ದಡದಲ್ಲಿ ಊರವರದ್ದೇ ಕಾರ್ಖಾನೆಗಳು ಎದ್ವು. ಹೆಂಚು ಬೊಂಬಾಯಿಗೆ, ಏಡನ್‌ಗೆ, ಪೂರ್ವ ಆಫ್ರಿಕಾಕ್ಕೆ ಹೋಯ್ತು. 1907ರಲ್ಲಿ ರೈಲು ಬಂದ್ಮೇಲೂ ಸಮುದ್ರದ ದಾರಿಯೇ ಅಗ್ಗ. ಒಂದು ಹೆಂಚು ಎರಡು ಕಿಲೋಗಿಂತ ಜಾಸ್ತಿ ತೂಗುತ್ತೆ, ಬಿದ್ರೆ ಒಡೆಯುತ್ತೆ, ಹಾಗಾಗಿ ಎಸೆಯೋ ಹಾಗಿಲ್ಲ. ಪ್ರತಿಯೊಂದೂ ಯಾರದ್ದೋ ತಲೆ ಮೇಲೆ ಕೂತು ಹಲಗೆ ದಾಟಿ ಹೋಗಿದ್ದು. ಹೆಂಚಿನ ಕಾರ್ಖಾನೆ ಹಾಕಿದವನ ಹೆಸರು ಎಲ್ಲ ಪುಸ್ತಕದಲ್ಲೂ ಸಿಗುತ್ತೆ.

ಅಪ್ಪ ಆಗ ಶಾಲೆಗೆ ಹೋಗೋ ಹುಡುಗ. ಮಧ್ಯಾಹ್ನ ಗಂಜಿಯ ಪಾತ್ರೆ ಹಿಡ್ಕೊಂಡು ಮನೆಯಿಂದ ದಕ್ಕೆಗೆ ನಡ್ಕೊಂಡು ಬರ್ತಿದ್ರಂತೆ. ಹಲಗೆಯ ಈಚೆ ನಿಂತು ಕಾಯ್ಬೇಕು. ಅಜ್ಜ ಆ ಕಡೆಯಿಂದ ಖಾಲಿ ತಲೆಯಲ್ಲಿ ಬರುವಾಗ ಪಾತ್ರೆ ಕೊಡ್ಬೇಕು, ತುಂಬಿದ ತಲೆಯಲ್ಲಿ ಹೋಗುವಾಗ ಮಾತಾಡಿಸ್ಬಾರ್ದು.

ಹೊಸ ಬಂದರಿಗಾಗಿ ಸಂಸದ ಉಳ್ಳಾಲ ಶ್ರೀನಿವಾಸ ಮಲ್ಯರು ಓಡಾಡಿದ್ದು ಈ ಜಿಲ್ಲೆಗೇ ಗೊತ್ತು. ಅದು ಆಗೋ ಮುಂಚೆ, 1965ರಲ್ಲಿ ಅವರು ತೀರಿಕೊಂಡ್ರು. 1974ರ ಮೇ ತಿಂಗಳಲ್ಲಿ ನವಮಂಗಳೂರು ದೇಶದ ಒಂಬತ್ತನೇ ದೊಡ್ಡ ಬಂದರು ಅಂತ ಘೋಷಣೆ ಆಯ್ತು, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ್ರು. ಮಳೆಗಾಲದಲ್ಲೂ ಹಡಗು ಒಳಗೆ ಬಂದು ನಿಲ್ಲೋ ಬಂದರು. ಕ್ಯಾಲೆಂಡರಿನ ಆ ನಾಲ್ಕು ತಿಂಗಳ ಬಾಗಿಲು ಕೊನೆಗೂ ತೆರೀತು, ಆದ್ರೆ ಬೇರೆ ಜಾಗದಲ್ಲಿ. ಪಣಂಬೂರಿನ ಮನೆಗಳು ಅದಕ್ಕಾಗಿ ಎದ್ದು ಹೋದ್ವು. ಹಳೆ ದಕ್ಕೆಯಲ್ಲಿ ಹೊರೋ ಕೆಲಸ ಕಡಿಮೆ ಆಗಿದ್ದಕ್ಕೆ ಹೊಸ ಬಂದರೊಂದೇ ಕಾರಣ ಅಂತ ನಾನು ಹೇಳಲ್ಲ. ಲಾರಿ ಬಂತು, ತಾರಸಿ ಮನೆ ಬಂತು. ಅಜ್ಜನ ಮೊಣಕಾಲೂ ಹೋಗಿತ್ತು.

"ಆಮೇಲೆ ನೀವು ದಕ್ಕೆಗೆ ಹೋಗಿರ್ಲೇ ಇಲ್ವಾ?" ಅಂತ ಕೇಳಿದೆ.

"ಜೂನ್‌ನಲ್ಲಿ ನೀನು ಕರ್ಕೊಂಡು ಹೋದಿಯಲ್ಲ" ಅಂದರು.

ಭಾಗ 9

ಕೊನೇ ಫೋಟೊ ಮನೆ ಹಿತ್ತಲಿನದ್ದು. ಹಟ್ಟಿಯ ಮಾಡು ಬಿಚ್ಚಿದಾಗ ಉಳಿದ ಹೆಂಚುಗಳ ರಾಶಿ, ಬಾವಿ ಪಕ್ಕ ಇದೆ. ಹೆಂಚಿನ ಹಿಂಭಾಗದಲ್ಲಿ ಕಾರ್ಖಾನೆಯ ಗುರುತು ಅಚ್ಚಾಗಿರುತ್ತೆ. ನಿಮ್ಮ ಊರಲ್ಲಿ ಹಳೇ ಮನೆ ಇದ್ರೆ ಮಕ್ಕಳ ಕೈಯಲ್ಲಿ ತಿರುಗಿಸಿ ಓದಿಸಿ, ಎಲ್ಲೆಲ್ಲಿಂದ ಬಂದಿದೆ ಅಂತ ಇಲ್ಲಿ ಬರೀರಿ. ಮುಂದಿನ ವಾರದ ಪೋಸ್ಟ್‌ಗೆ ನನಗೆ ಬೇಕು.

ಕತ್ತಲಾಗ್ತಾ ಇತ್ತು. ಮಗ ಒಂದು ಹೆಂಚು ಎತ್ತಿ ತಲೆ ಮೇಲಿಟ್ಕೊಂಡ. ಅಪ್ಪ ಒಳಗಿಂದ ಬೈರಾಸು ತಂದು, ಸುತ್ತಿ ಸಿಂಬಿ ಮಾಡಿ ಹೆಂಚಿನ ಕೆಳಗೆ ಇಟ್ರು. ಬಾವಿಯಿಂದ ತುಳಸಿಕಟ್ಟೆ ತನಕ ಅವನು ಎರಡೂ ಕೈಯಲ್ಲಿ ಹಿಡ್ಕೊಂಡು ನಡೆದ, ಕುತ್ತಿಗೆ ಗಟ್ಟಿ ಮಾಡಿ, ಉಸಿರು ಬಿಗಿಹಿಡಿದು.

ಅಪ್ಪ ರಾಶಿಯ ಹತ್ರ ನಿಂತು ಇನ್ನೊಂದು ಹೆಂಚು ಕೈಯಲ್ಲಿ ಹಿಡ್ಕೊಂಡಿದ್ರು.

"ಇಡ್ಲಾ?"